ಬಿಗೋನಿಯಾದ ದುಂಡಾಣು ಎಲೆರೋಗ: ಗುರುತು, ತಡೆ ಮತ್ತು ಚಿಕಿತ್ಸೆ

ಬೆಂಗಳೂರು, ಮೈಸೂರು, ಮಡಿಕೇರಿಗಳ ತವರುಮನೆಯಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಒದ್ದೆ ಕಾಗದ ಸುತ್ತಿ ತಂದ ಬಿಗೋನಿಯಾ ಕಡ್ಡಿಯೊಂದು ಕೊಚ್ಚಿಯ ಅಥವಾ ತಿರುವನಂತಪುರದ ಕನ್ನಡಿಗರ ಮನೆಯ ಜಗಲಿಯಲ್ಲೋ ಫ್ಲ್ಯಾಟಿನ ಬಾಲ್ಕನಿಯಲ್ಲೋ ಚಿಗುರಿ ನಿಂತಿರುವುದು ಅಪರೂಪದ ನೋಟವೇನಲ್ಲ. ಎರಡು ಬೇಸಿಗೆ ಚೆನ್ನಾಗಿದ್ದ ಗಿಡ ಮೂರನೆಯ ಮಳೆಗಾಲದಲ್ಲಿ ಎಲೆಯ ಅಂಚಿನಿಂದ ಕರಗಲಾರಂಭಿಸಿ, ಹದಿನೈದು ದಿನಗಳಲ್ಲಿ ಬರಿಯ ಕಡ್ಡಿಯಾಗಿ ನಿಲ್ಲುವುದೂ ಅಪರೂಪವಲ್ಲ. ಮಳೆ ಹೆಚ್ಚಾಯಿತು, ಬೇರು ಕೊಳೆಯಿತು ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಹಲವು ಬಾರಿ ಅದು ಮಳೆಯ ತಪ್ಪು ಮಾತ್ರವಲ್ಲ. ಮಳೆಯ ಹನಿಯೊಡನೆ ಸಂಚರಿಸುವ ಒಂದು ದುಂಡಾಣುವಿನ ಕೆಲಸ. ಆ ರೋಗವನ್ನು ಗುರುತಿಸುವ, ದೂರವಿಡುವ ಮತ್ತು ಬಂದಾಗ ಗಿಡದಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಉಳಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಬಿಗೋನಿಯಾ ಕೇರಳಕ್ಕೆ ಹೊರಗಿನದೇನೂ ಅಲ್ಲ. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ, ತೇವದ ಬಂಡೆಗಳ ನೆರಳಿನಲ್ಲಿ ಅದರ ಹಲವು ಕಾಡು ಪ್ರಭೇದಗಳು ಬೆಳೆಯುತ್ತವೆ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡೆ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಹಾಗೂ ರಂಗಭಟ್, ವಿನಾಯಕ ಪಂಡಿತ್, ಅಪ್ಪುಭಟ್ ಎಂಬ ಕೊಂಕಣಿ ವಿದ್ವಾಂಸರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥವು 1678 ರಿಂದ 1693 ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಒಂಬತ್ತನೆಯ ಸಂಪುಟದಲ್ಲಿ ‘ನಾರಿನಂಪುಳಿ’ ಎಂಬ ಹೆಸರಿನಡಿ ಚಿತ್ರಿತವಾದ ಗಿಡವನ್ನೇ ಮುಂದೆ ಲಮಾರ್ಕ್ ‘ಬಿಗೋನಿಯಾ ಮಲಬಾರಿಕಾ’ ಎಂದು ಕರೆದನು. ಹೆಸರಿನ ಕೊನೆಯ ‘ಪುಳಿ’ ನಮ್ಮ ‘ಹುಳಿ’ಯೇ, ಬಿಗೋನಿಯಾ ಎಲೆಯಲ್ಲಿ ಆಕ್ಸಾಲಿಕ್ ಆಮ್ಲವಿರುವುದರಿಂದ ಅದು ನಾಲಗೆಗೆ ಹುಳಿಯಾಗಿರುತ್ತದೆ. ಈ ಗ್ರಂಥವನ್ನು ಕೆ. ಎಸ್. ಮಣಿಲಾಲ್ ಅವರು ಇಂಗ್ಲಿಷಿಗೆ ತಂದಾಗ ಅದನ್ನು 2003 ರಲ್ಲಿ ಪ್ರಕಟಿಸಿದ್ದು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ. ಗಿಡದ ಕುಲ ಇಲ್ಲಿಯದೇ ಆದರೂ ನಾವು ಮನೆಯಲ್ಲಿ ಸಾಕುವ ಬಗೆಗಳು ಹೆಚ್ಚಾಗಿ ಬ್ರೆಜಿಲ್ ಮುಂತಾದ ದೂರದ ನಾಡುಗಳಿಂದ ಬಂದವು ಅಥವಾ ಯುರೋಪಿನಲ್ಲಿ ಸಂಕರಿಸಲ್ಪಟ್ಟವು ಎಂಬುದನ್ನು ಮರೆಯಬಾರದು. ಘಟ್ಟದ ಗಿಡ ಮಳೆಯನ್ನು ತಾಳಿತೆಂದು ಅಂಗಡಿಯ ಗಿಡವೂ ತಾಳಬೇಕೆಂದಿಲ್ಲ.

ರೋಗಕಾರಕ ಯಾವುದು

ಈ ರೋಗಕ್ಕೆ ಕಾರಣವಾದ ದುಂಡಾಣು ‘ಕ್ಸಾಂಥೋಮೊನಾಸ್’ ಎಂಬ ಕುಲಕ್ಕೆ ಸೇರಿದ್ದು. ‘ಕ್ಸಾಂಥೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಹಳದಿ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದಾಗ ಇದು ಹಳದಿ ಬಣ್ಣದ ಲೋಳೆಯಂತೆ ಕಾಣುತ್ತದೆ. ಬಿಗೋನಿಯಾಕ್ಕೆ ತಗಲುವ ರೂಪವನ್ನು 1934 ರಲ್ಲಿ ಜಪಾನಿನ ತಾಕಿಮೋಟೊ ಎಂಬ ವಿಜ್ಞಾನಿ ವರ್ಣಿಸಿ ಹೆಸರಿಟ್ಟರು. ಇದೇ ಕುಲದ ಬೇರೆ ರೂಪಗಳು ಕನ್ನಡಿಗರಿಗೆ ಅಪರಿಚಿತವಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳಗಳ ದಾಳಿಂಬೆ ಬೆಳೆಗಾರರನ್ನು ಸಾಲದ ಸುಳಿಗೆ ನೂಕಿದ ದುಂಡಾಣು ಅಂಗಮಾರಿ ರೋಗ, ನಿಂಬೆಯ ಕಜ್ಜಿರೋಗ, ಪಾಲಕ್ಕಾಡ್ ಮತ್ತು ಕುಟ್ಟನಾಡಿನ ಗದ್ದೆಗಳಲ್ಲಿ ಭತ್ತದ ಎಲೆಯನ್ನು ಒಣಗಿಸುವ ರೋಗ, ಇವೆಲ್ಲವೂ ಈ ಮನೆತನದವೇ. 1980 ರ ದಶಕದಲ್ಲಿ ಹವಾಯಿ ದ್ವೀಪದ ಆಂಥೂರಿಯಂ ತೋಟಗಳನ್ನು ಹಾಳುಗೆಡವಿದ್ದೂ ಇದೇ ಕುಲದ ಇನ್ನೊಂದು ಸದಸ್ಯ.

ಸಮಾಧಾನದ ಸಂಗತಿಯೆಂದರೆ, ಪ್ರತಿಯೊಂದು ರೂಪವೂ ಸಾಮಾನ್ಯವಾಗಿ ತನ್ನ ಗಿಡದ ಜಾತಿಗೇ ಅಂಟಿಕೊಂಡಿರುತ್ತದೆ. ಬಿಗೋನಿಯಾದಿಂದ ಕರಿಬೇವಿಗೂ ನಿಂಬೆಗೂ ರೋಗ ಹಬ್ಬೀತೆಂದು ಹೆದರಬೇಕಾಗಿಲ್ಲ. ಮನೆಯ ಇತರ ಬಿಗೋನಿಯಾಗಳಿಗೆ ಮಾತ್ರ ಅಪಾಯ ತಪ್ಪಿದ್ದಲ್ಲ.

ಗುರುತಿಸುವುದು ಹೇಗೆ

ಎಲೆಯ ಮೇಲ್ಭಾಗವನ್ನು ಮಾತ್ರ ನೋಡಿ ಈ ರೋಗವನ್ನು ಹೇಳುವುದು ಕಷ್ಟ. ಎಲೆಯನ್ನು ಮಗುಚಿ ಅಡಿಭಾಗವನ್ನು ನೋಡಬೇಕು. ಮೊದಲಿಗೆ ಸಾಸಿವೆ ಕಾಳಿನಷ್ಟು ಅಗಲದ, ನೀರು ತುಂಬಿದ ಬೊಕ್ಕೆಯಂತಹ ಚುಕ್ಕಿಗಳು ಅಲ್ಲಲ್ಲಿ ಮೂಡುತ್ತವೆ. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆ ಚುಕ್ಕಿಗಳು ಎಣ್ಣೆ ಸೋಕಿದ ಕಾಗದದಂತೆ ಅರೆಪಾರದರ್ಶಕವಾಗಿ ಕಾಣುತ್ತವೆ. ಈ ಪರೀಕ್ಷೆ ಅತ್ಯಂತ ಸರಳ ಮತ್ತು ನಮ್ಮ ಅನುಭವದಲ್ಲಿ ಅತ್ಯಂತ ಉಪಯುಕ್ತ. ಕ್ರಮೇಣ ಚುಕ್ಕಿಗಳ ನಡುಭಾಗ ಕಂದಾಗಿ ಒಣಗುತ್ತದೆ, ಸುತ್ತಲೂ ಹಳದಿ ಉಂಗುರ ಕಟ್ಟುತ್ತದೆ, ಅಕ್ಕಪಕ್ಕದ ಚುಕ್ಕಿಗಳು ಒಂದಾಗುತ್ತವೆ. ಎಲೆಯ ಅಂಚಿನಲ್ಲಿರುವ ನೀರು ಜಿನುಗುವ ಸೂಕ್ಷ್ಮ ರಂಧ್ರಗಳ ಮೂಲಕ ದುಂಡಾಣು ಒಳಹೊಕ್ಕಿದ್ದರೆ ಅಂಚಿನಿಂದ ಒಳಕ್ಕೆ, ನರಗಳ ಗುಂಟ, ಬೀಸಣಿಗೆಯ ಮಡಿಕೆಯಂತೆ ಕಂದು ಪಟ್ಟಿ ಸಾಗುತ್ತದೆ. ಅನಂತರ ಎಲೆ ಉದುರುತ್ತದೆ.

ರೋಗ ಇಷ್ಟರಲ್ಲಿ ನಿಂತರೆ ಗಿಡ ಬದುಕುವ ಸಂಭವವಿದೆ. ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡದ ನಾಳಗಳಿಗೆ ಇಳಿದರೆ ಸ್ಥಿತಿ ಬೇರೆ. ಆಗ ಕಾಂಡದಲ್ಲಿ ನೀರು ತುಂಬಿದಂತಹ ಕಪ್ಪು ಮಚ್ಚೆಗಳು ಕಾಣುತ್ತವೆ, ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ, ಕತ್ತರಿಸಿದ ಜಾಗದಲ್ಲಿ ಹಳದಿ ಅಂಟು ಒಸರುವುದುಂಟು.

ಇದೇ ರೋಗವೆಂದು ತಪ್ಪಾಗಿ ತಿಳಿಯಬಹುದಾದ ತೊಂದರೆಗಳು ಬೇರೆಯೂ ಇವೆ. ಎಲೆಯ ಮೇಲೆ ಹಿಟ್ಟು ಉದುರಿದಂತೆ ಬಿಳಿ ಪುಡಿ ಇದ್ದರೆ ಅದು ಶಿಲೀಂಧ್ರದಿಂದ ಬರುವ ಬೂದಿರೋಗ. ಬಿಸಿಲಿಗೆ ಎದುರಾದ ಎಲೆಗಳಷ್ಟೇ ಒಣಗಿ, ಹಳದಿ ಉಂಗುರವಾಗಲಿ ನೀರ್ಗುಳ್ಳೆಯಾಗಲಿ ಇಲ್ಲದಿದ್ದರೆ ಅದು ಬಿಸಿಲಿನ ಸುಡು. ಎಲೆಯಡಿಯಲ್ಲಿ ಬೆಂಡಿನಂತೆ ಗಟ್ಟಿಯಾದ ಗಂಟುಗಳಿದ್ದರೆ ನೀರು ಹೆಚ್ಚಾದದ್ದರ ಗುರುತು. ಎಲೆಯೊಳಗಿನ ಜಂತುಹುಳುಗಳು ಮಾಡುವ ಮಚ್ಚೆಗಳು ಮಾತ್ರ ಅನುಭವಿಗಳನ್ನೂ ಗೊಂದಲಕ್ಕೀಡುಮಾಡುತ್ತವೆ. ಅವು ನರಗಳ ನಡುವೆ ಕತ್ತರಿಸಿಟ್ಟಂತೆ ಕೋನಾಕಾರದಲ್ಲಿರುತ್ತವೆ ಮತ್ತು ಬೆಳಕಿಗೆ ಹಿಡಿದಾಗ ಎಣ್ಣೆಯಂತೆ ಹೊಳೆಯುವುದಿಲ್ಲ. ನಿಶ್ಚಯ ಬೇಕೆನ್ನುವವರು ಹೊಸ ಚುಕ್ಕಿಯ ಅಂಚನ್ನು ಸಣ್ಣಗೆ ಕತ್ತರಿಸಿ, ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತರಿಸಿದ ಅಂಚಿನಿಂದ ಹೊಗೆಯಂತೆ ದುಂಡಾಣುಗಳು ಹರಿದು ಬರುವುದು ಕಾಣುತ್ತದೆ. ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿದ್ದರೆ ಅವರ ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ತೋರಿಸಿಕೊಳ್ಳಬಹುದು. ಮಕ್ಕಳಿಗೂ ಅದೊಂದು ಪಾಠ.

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಏಕೆ ಹೆಚ್ಚು

ಈ ದುಂಡಾಣುವಿಗೆ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ ಮತ್ತು ಒದ್ದೆ ಎಲೆ ಅತ್ಯಂತ ಹಿತ. ಕೊಚ್ಚಿಯ ಮಳೆಗಾಲವನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಜೂನ್ ಮೊದಲ ವಾರ ಹಿಡಿಯುವ ಇಡವಪ್ಪಾದಿ ಮಳೆ, ಅದು ಮುಗಿಯಿತೆನ್ನುವಾಗ ಅಕ್ಟೋಬರಿನಲ್ಲಿ ಸಂಜೆಯ ಸಿಡಿಲಿನೊಡನೆ ಬರುವ ತುಲಾವರ್ಷ, ಎರಡರ ನಡುವೆಯೂ ಆರದ ಗಾಳಿಯ ತೇವ. ತಿರುವನಂತಪುರದಲ್ಲಿ ಒಟ್ಟು ಮಳೆ ಕೊಚ್ಚಿಗಿಂತ ಕಡಿಮೆಯಾದರೂ ಎರಡೂ ಮಳೆಗಾಲಗಳು ಅಲ್ಲಿಗೂ ತಪ್ಪಿದ್ದಲ್ಲ. ಹೀಗಾಗಿ ವರ್ಷದ ಅರ್ಧಭಾಗ ಎಲೆಗಳು ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತವೆ.

ಇನ್ನೊಂದು ಸೂಕ್ಷ್ಮ ವಿಷಯವನ್ನು ಇಲ್ಲಿ ಹೇಳಲೇಬೇಕು. ತಂಪು ಹವೆಯಲ್ಲಿ ಈ ರೋಗ ಗಿಡದೊಳಗೆ ಅಡಗಿ ಕೂರಬಲ್ಲದು. ಬೆಂಗಳೂರಿನ ಡಿಸೆಂಬರಿನಲ್ಲಿ ಒಂದು ಚುಕ್ಕಿಯೂ ಇಲ್ಲದೆ ನಳನಳಿಸುತ್ತಿದ್ದ ಗಿಡ ಎರ್ನಾಕುಲಂ ನಿಲ್ದಾಣದಲ್ಲಿ ಇಳಿದು ಕೆಲವು ವಾರಗಳಾಗುವಷ್ಟರಲ್ಲಿ ಮಚ್ಚೆ ಹೊತ್ತು ನಿಂತರೆ, ರೋಗ ಇಲ್ಲಿಯೇ ತಗಲಿತೆಂದು ಹೇಳಲಾಗದು. ಊರಿನಿಂದಲೇ ಅದು ಜೊತೆಗೆ ಬಂದಿರಬಹುದು. ನಾವು ಇದನ್ನು ಕಷ್ಟಪಟ್ಟೇ ಕಲಿತೆವು. ಹಬ್ಬಕ್ಕೆಂದು ನರ್ಸರಿಯೊಂದರಿಂದ ಕೆಂಪು ಹೂವಿನ ರೀಗರ್ ಬಗೆಯ ಗಿಡವನ್ನು ಕೊಂಡು ತಂದು, ಅಮ್ಮನ ಕಾಲದಿಂದ ಕಡ್ಡಿ ಮುರಿದು ನೆಡುತ್ತಾ ಬಂದಿದ್ದ ಬಿದಿರುಕಾಂಡದ ಬಿಗೋನಿಯಾದ ಪಕ್ಕದಲ್ಲೇ ಇರಿಸಿದೆವು. ರೀಗರ್ ಒಂದು ತಿಂಗಳಲ್ಲಿ ಹೋಯಿತು. ಅದರ ದುಃಖ ದೊಡ್ಡದಲ್ಲ. ಹಳೆಯ ಗಿಡಕ್ಕೂ ಸೋಂಕು ದಾಟಿದ್ದು ತಿಳಿದಾಗ ಮಾತ್ರ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅದರ ಒಂದು ಕವಲು ಬೇರೊಂದು ಕನ್ನಡ ಕುಟುಂಬದ ಮನೆಯಲ್ಲಿ ಇದ್ದುದರಿಂದ ಗಿಡ ಇಂದಿಗೂ ನಮ್ಮಲ್ಲಿದೆ.

ಬಗೆಗಳ ನಡುವೆ ರೋಗ ತಾಳುವ ಶಕ್ತಿಯಲ್ಲಿ ವ್ಯತ್ಯಾಸವಿದೆ. ಜರ್ಮನಿಯಲ್ಲಿ ಅಭಿವೃದ್ಧಿಯಾದ ರೀಗರ್ ಸಂಕರ ಬಗೆಗಳೂ ಗೆಡ್ಡೆಯ ಬಿಗೋನಿಯಾಗಳೂ ಅತಿ ಬೇಗ ತುತ್ತಾಗುತ್ತವೆ. ಎಲೆಯ ಚೆಲುವಿಗಾಗಿ ಸಾಕುವ, ಅಸ್ಸಾಮ್ ಮೂಲದ ರೆಕ್ಸ್ ಬಗೆಯೂ ಎಚ್ಚರಿಕೆ ಬೇಡುವಂಥದು. ಮೇಣದ ಹೊಳಪಿನ ಸಣ್ಣ ಎಲೆಯ ಸಾಧಾರಣ ಬಿಗೋನಿಯಾ ಹೋಲಿಕೆಯಲ್ಲಿ ಗಟ್ಟಿಗ. ಕರಾವಳಿಯ ಹವೆಯಲ್ಲಿ ಹೊಸದಾಗಿ ಆರಂಭಿಸುವವರು ಅದರಿಂದಲೇ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ತಡೆಗಟ್ಟುವ ಕ್ರಮ

ಎಲೆಯನ್ನು ಒಣಗಿಸಿ ಇಡುವುದೇ ತಡೆಯ ಮುಕ್ಕಾಲು ಪಾಲು. ಮೇಲಿನಿಂದ ನೀರು ಚಿಮುಕಿಸುವ ಅಭ್ಯಾಸವನ್ನು ಸಂಪೂರ್ಣ ಬಿಡಬೇಕು. ನಮ್ಮ ಮನೆಗಳಲ್ಲಿ ಪೂಜೆಗೂ ಕಾಲು ತೊಳೆಯಲೂ ಬಳಕೆಯಲ್ಲಿದ್ದ ಹಿತ್ತಾಳೆಯ ಗಿಂಡಿ (ಕೇರಳದವರ ಕಿಂಡಿಯೂ ಅದೇ) ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಮೂತಿಯನ್ನು ಎಲೆಗಳ ಅಡಿಗೆ ತೂರಿಸಿ ಬುಡದ ಮಣ್ಣಿಗಷ್ಟೇ ನೀರೆರೆಯಬಹುದು. ನೀರು ಕೊಡುವುದು ಬೆಳಗ್ಗೆ ಇರಲಿ. ಸಂಜೆಯ ನೀರು ರಾತ್ರಿಯ ತೇವವನ್ನು ಹೆಚ್ಚಿಸುತ್ತದೆ. ಬೆರಳಿನ ಮೊದಲ ಗಿಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು.

ಮೇ ತಿಂಗಳ ಕೊನೆಯ ಒಳಗೆ ಕುಂಡಗಳನ್ನು ಸೂರಿನಡಿಗೆ ಸರಿಸಬೇಕು. ಸೂರಿನಿಂದ ಬೀಳುವ ಹನಿಗಳು ನೆಲದಿಂದ ಪುಟಿದು ಎಲೆಯಡಿಗೆ ಸಿಡಿಯದಂತೆ ಗೋಡೆಯಿಂದ ಆಚೆ ಒಂದೆರಡು ಅಡಿ ಒಳಗೆ, ಸ್ವಲ್ಪ ಎತ್ತರದ ಕಲ್ಲು ಅಥವಾ ಸ್ಟ್ಯಾಂಡಿನ ಮೇಲೆ ಇಟ್ಟರೆ ಉತ್ತಮ. ಕಾಕ್ಕನಾಡು, ಕಳಕ್ಕೂಟಂಗಳ ಎತ್ತರದ ಫ್ಲ್ಯಾಟುಗಳಲ್ಲಿ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವುದರಿಂದ ಬಾಲ್ಕನಿಯ ಒಳಮೂಲೆಯೇ ಸೂಕ್ತ. ಒಂದು ಗಿಡದ ಎಲೆ ಇನ್ನೊಂದನ್ನು ಮುಟ್ಟದಷ್ಟು ಅಂತರವಿರಬೇಕು. ಜಾಗವಿಲ್ಲವೆಂದಾದರೆ ಗಿಡಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳುವುದೇ ಮದ್ದು. ಈ ಮಾತು ಗಿಡಪ್ರಿಯರಿಗೆ ರುಚಿಸದೆಂದು ಬಲ್ಲೆವು.

ಕುಂಡದ ಮಣ್ಣು ನೀರು ಬೇಗ ಇಳಿಸುವಂತಿರಲಿ. ಇಲ್ಲಿ ಹೇರಳವಾಗಿ ಸಿಗುವ ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಉಪ್ಪಿನಂಶ ತೆಗೆದು, ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರದೊಡನೆ ಬೆರೆಸಿಕೊಳ್ಳಬಹುದು. ಯೂರಿಯಾದಂತಹ ಸಾರಜನಕ ಗೊಬ್ಬರ ಹೆಚ್ಚಾದರೆ ಎಲೆಗಳು ದೊಡ್ಡದಾಗಿ, ಮೆತ್ತಗಾಗಿ ದುಂಡಾಣುವಿಗೆ ಸುಲಭದ ತುತ್ತಾಗುತ್ತವೆ.

ಹೊಸ ಗಿಡ ಎಲ್ಲಿಂದಲೇ ಬರಲಿ, ಆಪ್ತರ ಮನೆಯದೇ ಆಗಲಿ, ಆರು ವಾರ ಬೇರೆಯಾಗಿ ಇರಿಸಬೇಕು. ನಮ್ಮ ಕುಟುಂಬಗಳಲ್ಲಿ ಕಡ್ಡಿ ಕೊಡು ಕೊಳ್ಳುವುದು ಅರಿಶಿನ ಕುಂಕುಮದಷ್ಟೇ ಸಹಜ. ಕೊಡುವವರು ಎಲೆಯಡಿಯನ್ನು ನೋಡಿ ಕೊಡುವುದೂ, ಪಡೆದವರು ಬೇರೆಯಿಡುವುದರಲ್ಲಿ ಕೊಟ್ಟವರು ಅನಾದರವನ್ನು ಕಾಣದಿರುವುದೂ ಅಗತ್ಯ.

ಕತ್ತರಿ, ಚಾಕುಗಳ ಮೂಲಕ ಈ ರೋಗ ಹಬ್ಬುವುದು ಬಹಳ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು 70 ಶೇಕಡಾ ಸ್ಪಿರಿಟ್ಟಿನಿಂದ ಒರೆಸಬೇಕು. ಕೋವಿಡ್ ಕಾಲದಲ್ಲಿ ಕೊಂಡು ಕಪಾಟಿನಲ್ಲಿ ಉಳಿದಿರುವ ಮದ್ಯಸಾರದ ಸ್ಯಾನಿಟೈಸರು, ಅವಧಿ ಮೀರಿರದಿದ್ದರೆ, ಈ ಉಪಯೋಗಕ್ಕೆ ಬರುತ್ತದೆ. ಬೆಂಕಿಯ ಬಳಿ ಮಾತ್ರ ಬೇಡ. ಹಳೆಯ ಕುಂಡಗಳನ್ನು ತಿಕ್ಕಿ ತೊಳೆದು, ಮನೆಬಳಕೆಯ ಬ್ಲೀಚ್ ಒಂದು ಪಾಲು ಮತ್ತು ನೀರು ಒಂಬತ್ತು ಪಾಲು ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ಮುಳುಗಿಸಿ, ಮತ್ತೆ ತೊಳೆದು ಒಣಗಿಸಬೇಕು. ಬ್ಲೀಚನ್ನು ಸ್ಪಿರಿಟ್ಟಿನೊಡನಾಗಲಿ ಆಮ್ಲದೊಡನಾಗಲಿ ಎಂದೂ ಬೆರೆಸಬಾರದು.

ಕೇರಳದ ಕೃಷಿಯಲ್ಲಿ ಮನೆಮಾತಾಗಿರುವ ‘ಸ್ಯೂಡೋಮೊನಾಸ್’ ಎಂಬ ಮಿತ್ರ ದುಂಡಾಣುವಿನ ಪುಡಿಯನ್ನು ಇಲ್ಲಿ ನೆನೆಯಬೇಕು. ಇಲ್ಲಿಯ ರೈತರು ಇದನ್ನು ಲೀಟರಿಗೆ 20 ಗ್ರಾಂನಂತೆ ನೀರಿಗೆ ಬೆರೆಸಿ, ತಿಳಿಯನ್ನು ಸೋಸಿ ಬಳಸುತ್ತಾರೆ. ಬಿಗೋನಿಯಾಕ್ಕೆ ಮಳೆಗಾಲದ ಮುನ್ನ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ, ಎಲೆಯಡಿಗೂ ಮಂಜಿನಂತೆ ಸಿಂಪಡಿಸಿ, ಬೇಗ ಒಣಗುವಂತೆ ಗಾಳಿಯಲ್ಲಿ ಇಡಬಹುದು. ಇದು ತಡೆಯೇ ಹೊರತು ರೋಗ ಬಂದ ಮೇಲಿನ ಔಷಧವಲ್ಲ. ತಾಮ್ರದ ಔಷಧ ಅಥವಾ ಬ್ಲೀಚಿನೊಡನೆ ಬೆರೆಸಿದರೆ ಮಿತ್ರನೇ ಮೊದಲು ಸಾಯುತ್ತಾನೆ. ಎರಡರ ನಡುವೆ ಎರಡು ವಾರಗಳ ಅಂತರವಿರಲಿ.

ರೋಗ ಬಂದ ಮೇಲೆ

ಮೊದಲ ಚುಕ್ಕಿ ಕಂಡ ದಿನವೇ ಆ ಕುಂಡವನ್ನು ಉಳಿದ ಬಿಗೋನಿಯಾಗಳಿಂದ ದೂರ ಒಯ್ಯಬೇಕು. ಮಚ್ಚೆಯ ಎಲೆಗಳನ್ನು, ಗಿಡ ಒಣಗಿರುವ ಹೊತ್ತಿನಲ್ಲಿ, ತೊಟ್ಟಿನ ಸಮೇತ ತೆಗೆದು ನೇರವಾಗಿ ಚೀಲಕ್ಕೆ ಹಾಕಿ ಕಟ್ಟಬೇಕು. ಒದ್ದೆ ಗಿಡವನ್ನು ಮುಟ್ಟಿದರೆ ನಮ್ಮ ಕೈಯೇ ವಾಹಕ. ಒಣಗಿದ ಎಲೆಯಲ್ಲಿಯೂ ಈ ದುಂಡಾಣು ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ಅದನ್ನು ಬಾಲ್ಕನಿಯ ಗೊಬ್ಬರದ ಬುಟ್ಟಿಗೆ ಹಾಕಬಾರದು. ಅಂಗಳವಿದ್ದವರು ಆಳವಾಗಿ ಹೂಳಬಹುದು. ಕುಂಡದ ಮೇಲೆ ಉದುರಿದ ಚೂರುಗಳನ್ನೂ ಆಯ್ದು ತೆಗೆಯಬೇಕು. ಅನಂತರ ಸೋಪಿನಿಂದ ಕೈ ತೊಳೆದೇ ಬೇರೆ ಗಿಡದ ಕಡೆಗೆ ಹೋಗಬೇಕು.

ಔಷಧಗಳಲ್ಲಿ ದುಂಡಾಣುವಿನ ಮೇಲೆ ಸ್ವಲ್ಪಮಟ್ಟಿಗೆ ಪರಿಣಾಮ ಬೀರುವುದು ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಾಸರಗೋಡು, ಪುತ್ತೂರು, ಶಿರಸಿಗಳ ಕಡೆಯವರು ಎಳವೆಯಿಂದ ಕಂಡಿದ್ದಾರೆ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880 ರ ದಶಕದಲ್ಲಿ ರೂಪುಗೊಂಡ ಈ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಪರಿಚಯಿಸಿದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ದುಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಡಿಕೆಗೆ ಬಳಸುವ 1 ಶೇಕಡಾ ದ್ರಾವಣ ಬಿಗೋನಿಯಾದ ಮೃದು ಎಲೆಗೆ ಕಟುವಾದೀತು. ಅರ್ಧ ಶೇಕಡಾ ಸಾಕು. ಅಂದರೆ 5 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, 5 ಗ್ರಾಂ ಸುಡುಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತಾ ಸುರಿಯಬೇಕು. ಸುಣ್ಣವನ್ನು ತುತ್ತದ ನೀರಿಗಲ್ಲ. ಪಾತ್ರೆಗಳು ಮಣ್ಣಿನವು ಅಥವಾ ಪ್ಲಾಸ್ಟಿಕ್ಕಿನವು ಆಗಿರಲಿ, ಅಡಿಗೆಮನೆಗೆ ಮರಳದಿರಲಿ. ಹೊಳಪಿನ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿದಾಗ ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಮಾಡಿದ ದಿನವೇ ಬಳಸಬೇಕು. ಇಲ್ಲಿಯ ಅಂಗಡಿಗಳಲ್ಲಿ ಮೈಲುತುತ್ತವನ್ನು ‘ತುರಿಶು’ ಎಂದೂ ಚಿಪ್ಪಿನ ಸುಡುಸುಣ್ಣವನ್ನು ‘ನೀಟ್ಟುಕಕ್ಕ’ ಎಂದೂ ಕೇಳಬೇಕು. ಒಂದೆರಡು ಕುಂಡಗಳಿಗೆ ಇಷ್ಟೆಲ್ಲ ಏಕೆನ್ನುವವರು ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕದಡಿಕೊಳ್ಳಬಹುದು.

ಯಾವುದನ್ನೇ ಬಳಸುವುದಿದ್ದರೂ ಮೊದಲು ಒಂದೇ ಎಲೆಗೆ ಹೊಡೆದು ವಾರ ಕಾಯಬೇಕು. ತಾಮ್ರ ಹೂವಿನ ಎಸಳನ್ನು ಸುಡುತ್ತದೆ; ರೆಕ್ಸ್ ಎಲೆಯ ಮೇಲೆ ನೀಲಿ ಕಲೆ ಬಿಡುತ್ತದೆ. ಕೈಗವಸು, ಮುಖಗವಸು ಇರಲಿ, ಮಕ್ಕಳು ದೂರವಿರಲಿ. ತಾಮ್ರ ಆರೋಗ್ಯವಂತ ಎಲೆಗಳಿಗೆ ಸೋಂಕು ಹಬ್ಬದಂತೆ ತಡೆಯುತ್ತದೆಯೇ ಹೊರತು ಮಚ್ಚೆಯಾದ ಎಲೆಯನ್ನು ಹಸಿರಾಗಿಸುವುದಿಲ್ಲ. ಬೇವಿನೆಣ್ಣೆ, ಅಡಿಗೆ ಸೋಡಾ, ಅರಿಶಿನ, ಶಿಲೀಂಧ್ರಕ್ಕೆಂದೇ ಇರುವ ಕಾರ್ಬೆಂಡಜಿಂ ಇವುಗಳನ್ನು ಈ ರೋಗಕ್ಕೆ ನೆಚ್ಚುವುದು ಕಾಲಹರಣ, ಮತ್ತು ಈ ರೋಗದಲ್ಲಿ ಕಾಲವೇ ಮುಖ್ಯ.

ಆಂಟಿಬಯೋಟಿಕ್‌ಗಳ ಕುರಿತು ಸ್ಪಷ್ಟವಾಗಿ ಬರೆಯಬೇಕಾಗಿದೆ. ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿಯನ್ನು ಭತ್ತ, ದಾಳಿಂಬೆಗಳಿಗೆ ದಶಕಗಳ ಕಾಲ ಸಿಂಪಡಿಸಲಾಗಿದೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕರಗಿಸಿ ಗಿಡಕ್ಕೆ ಹಾಕಿದ್ದನ್ನೂ ನಾವು ಕೇಳಿದ್ದೇವೆ. ಸ್ಟ್ರೆಪ್ಟೋಮೈಸಿನ್ ಮನುಷ್ಯರ ಕ್ಷಯರೋಗಕ್ಕೆ ಮದ್ದಾಗಿ ಬಂದ ಔಷಧ. ಬೇಕಾಬಿಟ್ಟಿ ಬಳಕೆಯಿಂದ ದುಂಡಾಣುಗಳು ಅದಕ್ಕೆ ಬಗ್ಗದಂತಾಗುವ ಅಪಾಯವನ್ನು ಮನಗಂಡು ಕೇಂದ್ರ ಕೃಷಿ ಸಚಿವಾಲಯವು ಕೃಷಿಯಲ್ಲಿ ಈ ಮಿಶ್ರಣವನ್ನು ನಿಷೇಧಿಸುವ ಕರಡು ಆದೇಶವನ್ನು 2021 ರ ಡಿಸೆಂಬರಿನಲ್ಲಿ ಹೊರಡಿಸಿತು. ಕೇರಳದ ಔಷಧ ನಿಯಂತ್ರಣ ಇಲಾಖೆಯು 2024 ರಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ, ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆಗೆ ಇಳಿಯಿತು. ಒಂದು ಹೂಗಿಡಕ್ಕಾಗಿ ಈ ಔಷಧಗಳನ್ನು ಬಳಸುವುದನ್ನು ನಾವು ಒಪ್ಪುವುದಿಲ್ಲ. ನಾಳಗಳಿಗೆ ಇಳಿದ ಸೋಂಕನ್ನು ಅವೂ ಗುಣಪಡಿಸಲಾರವು.

ಬಿಡಬೇಕಾದ ಹೊತ್ತು

ಕಾಂಡದಲ್ಲಿ ಕಪ್ಪು ಮಚ್ಚೆ, ಬಾಡುವಿಕೆ ಅಥವಾ ಅಂಟು ಕಂಡ ಗಿಡಕ್ಕೆ ಮದ್ದಿಲ್ಲ. ಮಣ್ಣಿನ ಸಮೇತ ಅದನ್ನು ತೆಗೆದುಹಾಕುವುದೇ ಉಳಿದ ಗಿಡಗಳಿಗೆ ಮಾಡುವ ಉಪಕಾರ. ಮೂರನೆಯ ತಲೆಮಾರಿಗೆ ಬಂದ ಗಿಡವನ್ನು ಹೀಗೆ ಚೀಲಕ್ಕೆ ತುಂಬಲು ಮನಸ್ಸು ಬಾರದೆಂಬುದನ್ನು ನಾವು ಬಲ್ಲೆವು. ಕಾಂಡ ಇನ್ನೂ ಶುದ್ಧವಾಗಿದ್ದು ಎಲೆಗಳಷ್ಟೇ ಹೋಗಿದ್ದರೆ ಒಂದು ಪ್ರಯತ್ನ ಮಾಡಬಹುದು. ರೋಗದ ಜಾಗದಿಂದ ಅತಿ ದೂರದ ತುದಿಚಿಗುರನ್ನು, ಶುದ್ಧಗೊಳಿಸಿದ ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಕಂದು ನಾಳಗಳಿಲ್ಲವೆಂದು ನೋಡಿ, ಹೊಸ ನಾರಿನ ಪುಡಿಯಲ್ಲಿ, ಹೊಸ ಕುಂಡದಲ್ಲಿ, ಮನೆಯ ಬೇರೊಂದು ದಿಕ್ಕಿನಲ್ಲಿ ಊರಬೇಕು. ಪ್ಲಾಸ್ಟಿಕ್ ಚೀಲ ಮುಚ್ಚಿ ತೇವ ಕಟ್ಟಬಾರದು. ಬೆಚ್ಚಗಿನ ತಿಂಗಳುಗಳಲ್ಲಿ ಎರಡು ತಿಂಗಳು ಒಂದು ಚುಕ್ಕಿಯೂ ಬಾರದಿದ್ದರೆ ಅದನ್ನು ನಂಬಬಹುದು. ಸೋಂಕಿದ ಗಿಡದ ಎಲೆಯಿಂದ ಹೊಸ ಗಿಡ ಮಾಡುವುದಂತೂ ಬೇಡವೇ ಬೇಡ. ಮನಸ್ಸಿಗೆ ಹತ್ತಿರವಾದ ಬಗೆಯನ್ನು, ಗಿಡ ಆರೋಗ್ಯವಾಗಿರುವಾಗಲೇ, ಎರಡು ಬೇರೆ ಮನೆಗಳಲ್ಲಿ ಬೆಳೆಸಿಡುವುದು ಇದಕ್ಕಿಂತ ಸುರಕ್ಷಿತ.

ಸಂದೇಹವಿದ್ದವರು ತಮ್ಮ ವಾರ್ಡಿಗೆ ಹತ್ತಿರದ ಕೃಷಿ ಭವನಕ್ಕೆ ಎಲೆಯನ್ನು ಒಯ್ದು ತೋರಿಸಬಹುದು. ತಿರುವನಂತಪುರದವರಿಗೆ ವೆಳ್ಳಾಯಣಿಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ. ಮಲಯಾಳದಲ್ಲಿ ‘ಇಲಪ್ಪುಳ್ಳಿ’ ಎಂದರೆ ಎಲೆಚುಕ್ಕಿ, ‘ಇಲ ಕರಿಚ್ಚಿಲ್’ ಎಂದರೆ ಎಲೆ ಕರಟುವುದು, ‘ಕುಮಿಳ್’ ಎಂದರೆ ಶಿಲೀಂಧ್ರ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ದಾರಿಯಲ್ಲಿ ಕೊಳೆತು ಪರೀಕ್ಷೆಗೆ ಬಾರದೆ ಹೋಗುತ್ತದೆ. ಹೊಸ ಚುಕ್ಕಿಗಳಿರುವ ಎರಡು ಎಲೆಗಳನ್ನು ಒಣ ಕಾಗದದ ಮಡಿಕೆಯಲ್ಲಿಟ್ಟು, ಚೀಲದ ಬಾಯಿ ಕಟ್ಟಿ, ಅದೇ ದಿನ ಬೆಳಗ್ಗೆ ತಲುಪಿಸಿರಿ.